ಹಳೆ ಜಿಪ್ಸಿ ಕಿಂಗ್: ಮೊದಲು ಲಿಫ್ಟ್ ಮಾಡಿಸಲಾ, ಮುಂದಿನ ಆಕ್ಸಲ್ ಬಿಚ್ಚಲಾ?

ಪೆರೇಸಂದ್ರ ಕ್ರಾಸ್

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಇಟ್ಟುಕೊಂಡಿದ್ದ 1999ರ ಮಾರುತಿ ಜಿಪ್ಸಿ ಕಿಂಗ್ ಈಗ ನನ್ನ ಕೈಗೆ ಬಂದಿದೆ. 1.3 ಲೀಟರ್ ಎಂಜಿನ್, ಕಾರ್ಬೊರೇಟರ್ ಗಾಡಿ, ಸಾಫ್ಟ್ ಟಾಪ್. ಎಂಜಿನ್ ಬಗ್ಗೆ ದೂರಿಲ್ಲ, ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಆರ್‌ಸಿ 2029ರ ತನಕ ಇದೆ. ನಮ್ಮ ತೋಟ ಗುಡಿಬಂಡೆ ಕಡೆ. ಕೊನೆಯ ಸ್ವಲ್ಪ ದೂರ ರಸ್ತೆ ಅಂತ ಏನೂ ಇಲ್ಲ, ಬರೀ ಬಂಡೆ, ಮಳೆ ಬಂದರೆ ಹಳ್ಳ ದಾಟಬೇಕು. ಗೊಬ್ಬರ, ಡ್ರಿಪ್ ಪೈಪು, ರೇಷ್ಮೆ ಹುಳಕ್ಕೆ ಸೊಪ್ಪು ಎಲ್ಲಾ ಇದರಲ್ಲೇ ಹೋಗಬೇಕು. ಅಂದರೆ ಇದು ಶೋಕಿಗೆ ಇಟ್ಟ ಗಾಡಿ ಅಲ್ಲ, ದಿನಾ ದುಡಿಯೋ ಗಾಡಿ.

ತೊಂದರೆ ಮೂರು. ಹೈವೇಯಲ್ಲಿ ಅರವತ್ತರ ಹತ್ತಿರ ಹೋಗುವಾಗ ಒಂದು ಗುಂಡಿ ಸಿಕ್ಕರೆ ಸ್ಟೇರಿಂಗ್ ಗಡಗಡ ಅಂತ ಎರಡೂ ಕಡೆ ಹೊಡೆದುಕೊಳ್ಳುತ್ತದೆ, ಗಾಡಿಯನ್ನು ಪೂರ್ತಿ ನಿಧಾನ ಮಾಡಿದರೆ ಮಾತ್ರ ನಿಲ್ಲುತ್ತದೆ. ಎರಡನೆಯದು, ಮುಂದಿನ ಎಡಗಡೆ ಟೈರಿನ ಒಳಮೈಗೆ ಕಪ್ಪು ಎಣ್ಣೆ ಇಳಿಯುತ್ತಿದೆ. ಮೂರನೆಯದು, ಫೋರ್ ವೀಲ್ ಹಾಕಿದರೆ ಬೀಳುತ್ತದೆ, ವಾಪಸ್ ಟೂ ವೀಲ್‌ಗೆ ಬರೋಕೆ ಲಿವರ್ ಹಟ ಮಾಡುತ್ತದೆ.

ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಮಾಡಿಸಿದೆ. ಏನೂ ಪ್ರಯೋಜನ ಆಗಲಿಲ್ಲ. ಒಬ್ಬ ಮೆಕ್ಯಾನಿಕ್ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್ ನಡುಕ ಹೀರಿಕೊಳ್ಳೋ ಶಾಕ್ ಅಬ್ಸಾರ್ಬರ್) ಹಾಕಿಸಿ ಸಾಕು ಅಂದರು. ಸ್ನೇಹಿತರು ಎರಡಿಂಚು ಲಿಫ್ಟ್ (ಗಾಡಿ ಎತ್ತರ ಏರಿಸೋದು), 235 ಟೈರು, ಮುಂದೆ ಒಂದು ಎಲ್‌ಇಡಿ ಬಾರ್ ಹಾಕಿಸು, ಗಾಡಿ ಬೇರೆನೇ ಆಗುತ್ತದೆ ಅಂತಾರೆ. ನನ್ನ ಹತ್ತಿರ ಇರೋದು ಸುಮಾರು ನಲವತ್ತು ಸಾವಿರ. ಸಾಕೆಟ್ ಸೆಟ್ ಇದೆ, ಹೈಡ್ರಾಲಿಕ್ ಜಾಕ್ ಇದೆ, ಭಾನುವಾರ ಪೂರ್ತಿ ಬಿಡುವಿದೆ. ಆದಷ್ಟೂ ಕೈಯಾರೆ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಚಿಂತಾಮಣಿ ಲೇತ್

ನೀವು ಹೇಳಿದ ಮೊದಲ ಎರಡು ತೊಂದರೆಯೂ ಒಂದೇ ಜಾಗದಿಂದ ಬರುತ್ತಿವೆ ಅಂತ ನನಗೆ ಅನಿಸುತ್ತದೆ. ಮುಂದಿನ ಆಕ್ಸಲ್‌ನ ನಕಲ್, ಅಂದರೆ ಆಕ್ಸಲ್ ತುದಿಯಲ್ಲಿ ಚಕ್ರವನ್ನು ಹಿಡಿದು ಸ್ಟೇರಿಂಗ್ ಜೊತೆ ತಿರುಗೋ ಭಾಗ. ಲಿಫ್ಟ್, ಟೈರು, ಲೈಟು ಎಲ್ಲಾ ಸದ್ಯಕ್ಕೆ ಪಕ್ಕಕ್ಕಿಡಿ. ದುಡ್ಡು ಅಲ್ಲಿ ಹಾಕಿ.

ಜಿಪ್ಸಿಯ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋದು ಮೇಲೊಂದು ಕೆಳಗೊಂದು ಕಿಂಗ್ ಪಿನ್ ಮೇಲೆ. ಒಂದು ಕಡೆಗೆ ಎರಡು ಟೇಪರ್ ಬೇರಿಂಗ್, ಎರಡೂ ಕಡೆ ಸೇರಿ ನಾಲ್ಕು. ಇವು ಸವೆದರೆ ಚಕ್ರಕ್ಕೆ ಹಿಡಿತ ಇರಲ್ಲ, ಗುಂಡಿ ಬಿದ್ದ ಪೆಟ್ಟಿಗೆ ಒದ್ದಾಡೋಕೆ ಶುರು ಮಾಡುತ್ತದೆ. ಡ್ಯಾಂಪರ್ ಹಾಕಿದರೆ ಆ ಒದ್ದಾಟ ಸ್ವಲ್ಪ ದಿನ ಕಾಣಿಸಲ್ಲ, ಅಷ್ಟೇ. ಸವೆತ ಒಳಗೆ ಹಾಗೇ ನಡೆಯುತ್ತಿರುತ್ತದೆ. ಆಮೇಲೆ ಒಂದು ದಿನ ಇನ್ನೂ ಜೋರಾಗಿ ಬರುತ್ತದೆ.

ಬಿಚ್ಚೋ ಮುಂಚೆ ಖಾತ್ರಿ ಮಾಡಿಕೊಳ್ಳಿ. ಮುಂದಿನ ಆಕ್ಸಲ್‌ಗೆ ಜಾಕ್ ಕೊಟ್ಟು ಚಕ್ರ ಎತ್ತಿ. ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಗೂ ಹೊರಗೂ ಅಲ್ಲಾಡಿಸಿ. ಟಕ್ ಟಕ್ ಅಂದರೆ ಒಂದೋ ವೀಲ್ ಬೇರಿಂಗ್, ಇಲ್ಲಾ ಕಿಂಗ್ ಪಿನ್. ಈಗ ಯಾರನ್ನಾದರೂ ಕೂರಿಸಿ ಬ್ರೇಕ್ ಒತ್ತಿಸಿ, ಅದೇ ರೀತಿ ಮತ್ತೆ ಅಲ್ಲಾಡಿಸಿ. ಆಟ ನಿಂತು ಹೋದರೆ ವೀಲ್ ಬೇರಿಂಗ್, ಬ್ರೇಕ್ ಒತ್ತಿದಾಗಲೂ ಆಟ ಹಾಗೇ ಇದ್ದರೆ ಕಿಂಗ್ ಪಿನ್. ಯಾಕೆ ಅಂದರೆ ಬ್ರೇಕ್ ಕ್ಯಾಲಿಪರ್ ಕೂತಿರೋದು ನಕಲ್ ಮೇಲೆ. ಬ್ರೇಕ್ ಒತ್ತಿದಾಗ ಡಿಸ್ಕು, ನಕಲ್ ಎರಡೂ ಒಂದಾಗುತ್ತವೆ, ವೀಲ್ ಬೇರಿಂಗ್ ಲೆಕ್ಕದಿಂದ ಹೊರಗೆ ಹೋಗುತ್ತದೆ. ಆಮೇಲೆ ಟೈರನ್ನು ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿ. ಅಲ್ಲಿ ಆಟ ಇದ್ದರೆ ಟೈ ರಾಡ್ ಎಂಡ್ (ಸ್ಟೇರಿಂಗ್ ರಾಡಿನ ತುದಿಯ ಕೀಲು) ನೋಡಬೇಕು.

ಇನ್ನು ಎಣ್ಣೆ. ಬೆರಳಲ್ಲಿ ಮುಟ್ಟಿ ನೋಡಿ. ನೀರಿನ ಹಾಗೆ ತೆಳ್ಳಗೆ ಇದ್ದು, ಟೈರಿನ ಹತ್ತಿರ ಪೇಂಟ್ ಎದ್ದಿದ್ದರೆ ಅದು ಬ್ರೇಕ್ ಆಯಿಲ್, ಗಾಡಿ ಓಡಿಸಲೇಬೇಡಿ. ಕಪ್ಪಾಗಿ ಅಂಟಂಟಾಗಿ, ಗಂಧಕದ ನಾತ ಬಂದರೆ ಡಿಫರೆನ್ಶಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಉರುಳೋಕೆ ಬಿಡೋ ಗೇರು) ಆಯಿಲ್. ಆಕ್ಸಲ್ ಹೌಸಿಂಗ್ ತುದಿಯಲ್ಲಿ ಒಂದು ಸಣ್ಣ ಆಯಿಲ್ ಸೀಲ್ ಇರುತ್ತದೆ. ಅದು ಹೋದರೆ ಆಯಿಲ್ ನಕಲ್ ಒಳಗೆ ನುಗ್ಗಿ ಅಲ್ಲಿರೋ ಗ್ರೀಸನ್ನು ಕರಗಿಸುತ್ತದೆ, ಕೊನೆಗೆ ಹೊರಗಿನ ಸೀಲು ದಾಟಿ ಟೈರಿಗೆ ಇಳಿಯುತ್ತದೆ. ಗ್ರೀಸ್ ಕರಗಿದ ಮೇಲೆ ಕಿಂಗ್ ಪಿನ್ ಬೇರಿಂಗ್ ಉಳಿಯೋದು ಹೇಗೆ? ಅದಕ್ಕೇ ಎರಡೂ ತೊಂದರೆ ಒಟ್ಟಿಗೆ ಬಂದಿರೋದು.

ಮೂರನೆಯದಕ್ಕೆ ಬಹುಶಃ ಖರ್ಚೇ ಬೇಡ. ಫೋರ್ ವೀಲನ್ನು ಟಾರ್ ರಸ್ತೆಯಲ್ಲಿ ಹಾಕಿ ಪರೀಕ್ಷೆ ಮಾಡಿದಿರಾ? ಜಿಪ್ಸಿಗೆ ಮುಂದಿನ, ಹಿಂದಿನ ಆಕ್ಸಲ್‌ಗಳ ಮಧ್ಯದಲ್ಲಿ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ದೂರ ಉರುಳುತ್ತವೆ. ಮಣ್ಣಲ್ಲಿ ಟೈರು ಜಾರಿ ಸರಿ ಹೋಗುತ್ತದೆ, ಟಾರಿನಲ್ಲಿ ಜಾರಲ್ಲ, ಹಾಗಾಗಿ ಗೇರುಗಳು ಬಿಗಿದುಕೊಂಡು ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ. ನೇರವಾಗಿ ಸ್ವಲ್ಪ ರಿವರ್ಸ್ ಹೋಗಿ, ಲಿವರ್ ಸಲೀಸಾಗಿ ಬರುತ್ತದೆ. ಮುಂದೆ ಎಡಗಡೆ, ಬಲಗಡೆ ಬೇರೆ ಸವೆತದ ಟೈರು ಇದ್ದರೂ, ಹಿಂದೆ ಮುಂದೆ ಬೇರೆ ಸೈಜು ಇದ್ದರೂ ಇದೇ ಗೋಳು. ನಾಲ್ಕೂ ಟೈರು ಒಮ್ಮೆ ನೋಡಿಬಿಡಿ.

ಮಧುಗಿರಿ ಮಣ್ಣು

ಚಿಂತಾಮಣಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಬಂಡೆ ದಾರಿ ಅಂತ ನೀವು ಬರೆದಿರೋದರಿಂದ ಟೈರು, ಎತ್ತರದ ಬಗ್ಗೆಯೂ ಮಾತಾಡಲೇಬೇಕು. ನನ್ನದು ಮಧುಗಿರಿ ಕಡೆ, ನಮ್ಮಲ್ಲೂ ಅದೇ ಕಲ್ಲು, ಅದೇ ಹಳ್ಳ. ಸ್ಟಾಕ್ ಎತ್ತರದಲ್ಲೇ ಜಿಪ್ಸಿ ಎಲ್ಲಾ ಕಡೆ ಹೋಗುತ್ತದೆ. ಸಾವಿರ ಕೆ.ಜಿ. ಆಸುಪಾಸಿನ ಗಾಡಿ ಅದು, ಅದರ ದೊಡ್ಡ ಬಲವೇ ಹಗುರ ಇರೋದು.

ಅಗ್ಗದಲ್ಲಿ ಲಿಫ್ಟ್ ಅಂತ ಮಾಡಿಕೊಡೋದು ಹೆಚ್ಚಾಗಿ ಉದ್ದನೆಯ ಶ್ಯಾಕಲ್ (ಸ್ಪ್ರಿಂಗ್ ಪ್ಲೇಟಿನ ತುದಿಯನ್ನು ಚಾಸಿಸ್‌ಗೆ ಸೇರಿಸೋ ಕೊಂಡಿ). ಜಿಪ್ಸಿಯ ಮುಂದಿನ ಪ್ಲೇಟುಗಳಿಗೆ ಶ್ಯಾಕಲ್ ಇರೋದು ಮುಂದಿನ ತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಪ್ಲೇಟಿನ ಮುಂದಿನ ತುದಿ ಕೆಳಗೆ ಇಳಿಯುತ್ತದೆ, ಆಕ್ಸಲ್ ಮುಂದಕ್ಕೆ ಬಾಗುತ್ತದೆ, ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರೋ ಕೋನ) ಕಮ್ಮಿ ಆಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರೋದು ಆ ಕ್ಯಾಸ್ಟರ್‌ನಿಂದಲೇ. ಈಗಲೇ ನಡುಗೋ ಗಾಡಿಗೆ ಅದನ್ನೂ ಕಮ್ಮಿ ಮಾಡಿ ಹೈವೇಗೆ ತೆಗೆದುಕೊಂಡು ಹೋಗೋದು ಅಂದರೆ ನನಗೆ ನಿಜವಾಗಿಯೂ ಭಯ ಆಗುತ್ತದೆ. ಪೆರೇಸಂದ್ರದ ಹತ್ತಿರ ಲಾರಿಗಳು ಹೇಗೆ ಬರುತ್ತವೆ ಅಂತ ನಿಮಗೇ ಗೊತ್ತು.

ಟೈರಿಗೆ 215/75 ಆರ್ 15 ಹಾಕಿ. ಸುಮಾರು 703 ಮಿ.ಮೀ. ಎತ್ತರ, ಏನೂ ಕೊಯ್ಯದೆ ಕೂರುತ್ತದೆ, ಬೊಲೆರೊಗೂ ಇದೇ ಸೈಜು ಆದ್ದರಿಂದ ನಮ್ಮ ಊರುಗಳಲ್ಲೂ ಸುಲಭವಾಗಿ ಸಿಗುತ್ತದೆ. 235/75 ಅಂದರೆ 733 ಮಿ.ಮೀ. ಆಕ್ಸಲ್ ಅಡಿ ಸಿಗೋ ಹೆಚ್ಚುವರಿ ಜಾಗ ಬರೀ ಒಂದೂವರೆ ಸೆಂಟಿಮೀಟರ್. ಅದಕ್ಕಾಗಿ ಸ್ಟೇರಿಂಗ್ ಭಾರ ಆಗುತ್ತದೆ, ಗೇರು ಎತ್ತರ ಆಗುತ್ತದೆ (ಎಳೆಯೋ ಬಲ ಕಮ್ಮಿ ಆಗುತ್ತದೆ), ಲೋಡ್ ಹಾಕಿಕೊಂಡು ಏರು ಹತ್ತೋವಾಗ ಕ್ಲಚ್ ಬೇಯುತ್ತದೆ. ಸೊಪ್ಪು ಹೊರೋ ಗಾಡಿಗೆ ಅದು ಬೇಡ.

ಕಾನೂನು ಕೂಡ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಮುಂದೆ ಹಾಕೋ ಕಬ್ಬಿಣದ ಬುಲ್ ಬಾರ್ ವಿರುದ್ಧ 2017ರ ಡಿಸೆಂಬರ್‌ನಲ್ಲೇ ಕೇಂದ್ರದ ಆದೇಶ ಬಂದಿದೆ. 2029ರಲ್ಲಿ ನೀವು ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಲೇಬೇಕಲ್ವಾ? ಇಪ್ಪತ್ತು ವರ್ಷ ದಾಟಿದ ಕಾರಿಗೆ ನವೀಕರಣದ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಅಷ್ಟು ಕಟ್ಟಿ, ಆಲ್ಟರೇಶನ್ ಅಂತ ವಾಪಸ್ ಕಳಿಸಿದರೆ ಹೊಟ್ಟೆ ಉರಿಯುತ್ತದೆ.

ಕೆಎ ಸೊನ್ನೆ ಏಳು

ಕೋಲಾರದಿಂದ. ಆಕ್ಸಲ್ ಬಗ್ಗೆ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ನಾನು ಪೆಟ್ರೋಲ್, ಲೈಟು ಎರಡು ವಿಷಯ ಹೇಳುತ್ತೇನೆ, ಯಾಕೆ ಅಂದರೆ ಕಾರ್ಬೊರೇಟರ್ ಗಾಡಿಗೆ ಈಗ ಇರೋ ದೊಡ್ಡ ಅಪಾಯದ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಆಯಿತು. ಈಗ ಬಂಕಿನಲ್ಲಿ ಸಿಗೋದು ಹೆಚ್ಚಾಗಿ ಅದೇ. 1999ರ ರಬ್ಬರ್ ಪೈಪುಗಳು ಅದಕ್ಕೆ ಮಾಡಿದವಲ್ಲ. ಪೈಪು ಊದಿಕೊಳ್ಳುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಬಾನೆಟ್ ಎತ್ತಿ ಪೆಟ್ರೋಲ್ ಪೈಪನ್ನು ಕ್ಲಿಪ್ ಹತ್ತಿರ ಬಗ್ಗಿಸಿ ನೋಡಿ, ಮೈಮೇಲೆ ಸಣ್ಣ ಸಣ್ಣ ಗೆರೆ ಕಂಡರೆ ಅವತ್ತೇ ಬದಲಾಯಿಸಿ. ಟ್ಯಾಂಕಿನಿಂದ ಕಾರ್ಬೊರೇಟರ್ ತನಕ, ರಿಟರ್ನ್ ಪೈಪೂ ಸೇರಿಸಿ. ಅಂಗಡಿಯಲ್ಲಿ ಎಥೆನಾಲ್ ತಡೆಯೋ ಫ್ಯುಯೆಲ್ ಹೋಸ್ ಅಂತಲೇ ಕೇಳಿ. ಸುಮ್ನೆ ನೀರಿನ ಪೈಪು, ಗಾಳಿ ಪೈಪು ಕೊಟ್ಟರೆ ತಗೋಬೇಡಿ. ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಸೋರಿದರೆ ಗಾಡಿನೂ ಉಳಿಯಲ್ಲ, ಮನುಷ್ಯರೂ ಉಳಿಯಲ್ಲ.

ಪಂಪಿನ ಡಯಾಫ್ರಮ್, ಕಾರ್ಬೊರೇಟರ್ ಕಿಟ್ ಕೂಡ ಒಮ್ಮೆ ಹೊಸದು ಹಾಕಿ. ಎಥೆನಾಲ್ ಹಳೆ ಟ್ಯಾಂಕಿನ ಒಳಗೆ ಕೂತ ಕೊಳೆಯನ್ನೆಲ್ಲಾ ಕೆರೆದು ತರುತ್ತದೆ, ಅದು ಫಿಲ್ಟರ್ ಕಟ್ಟಿಸುತ್ತದೆ, ಜೆಟ್ ಕಟ್ಟಿಸುತ್ತದೆ. ಹಾಗಾಗಿ ಮೊದಮೊದಲು ಫಿಲ್ಟರ್ ಬೇಗ ಬೇಗ ನೋಡಬೇಕು. ಇದು ನೀರನ್ನೂ ಎಳೆದುಕೊಳ್ಳುತ್ತದೆ. ಗಾಡಿಯನ್ನು ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ತಗಡಿನ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಐಡಲ್‌ನಲ್ಲಿ ಸ್ವಲ್ಪ ಒದ್ದಾಡಿದರೆ ಮಿಕ್ಸರ್ ಸ್ಕ್ರೂ ಸ್ವಲ್ಪ ತಿರುಗಿಸಿ ಪೆಟ್ರೋಲ್ ಜಾಸ್ತಿ ಮಾಡಬೇಕಾಗುತ್ತದೆ. ಹೊಸ ಗಾಡಿಗಳಲ್ಲಿ ಸೆನ್ಸರ್ ತಾನೇ ಹೊಂದಿಸಿಕೊಳ್ಳುತ್ತದೆ, ಕಾರ್ಬೊರೇಟರ್‌ಗೆ ಅದು ಗೊತ್ತಾಗಲ್ಲ. ಆಮೇಲೆ ಎಮಿಷನ್ ಟೆಸ್ಟ್‌ನಲ್ಲಿ ನೋಡಿಕೊಳ್ಳಿ.

ಲೈಟು. ಎಲ್‌ಇಡಿ ಬಾರ್ ಬದಲು ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್ ಮಾಡೋ ಸ್ವಿಚ್ಚು) ಹಾಕಿ. ಹಳೆ ಗಾಡಿಯಲ್ಲಿ ಹೆಡ್‌ಲೈಟಿನ ಕರೆಂಟು ಪೂರ್ತಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಸುತ್ತಿಕೊಂಡು ಬರುತ್ತದೆ. ಒಂದು ಮೀಟರ್ ತಗೊಂಡು ಎಂಜಿನ್ ಓಡುವಾಗ ಬ್ಯಾಟರಿ ಹತ್ತಿರ ಒಮ್ಮೆ, ಬಲ್ಬಿನ ಹಿಂದೆ ಒಮ್ಮೆ ಅಳೆದು ನೋಡಿ. ಎರಡಕ್ಕೂ ಒಂದೂವರೆ, ಎರಡು ವೋಲ್ಟ್ ವ್ಯತ್ಯಾಸ ಇದ್ದರೆ ನಿಮ್ಮ ಬೆಳಕು ಅಲ್ಲೇ ಕಳೆದುಹೋಗುತ್ತಿದೆ. ಬ್ಯಾಟರಿಯಿಂದ ಫ್ಯೂಸ್ ಹಾಕಿ ನೇರ ವೈರು ಎಳೆದು, ಹಳೆ ವೈರಿನಿಂದ ರಿಲೇ ಮಾತ್ರ ಆನ್ ಆಗೋ ಹಾಗೆ ಮಾಡಿ. ಅದೇ 60/55 ವ್ಯಾಟ್ ಬಲ್ಬು ಎಷ್ಟು ಚೆನ್ನಾಗಿ ಉರಿಯುತ್ತದೆ ನೋಡಿ. 100 ವ್ಯಾಟ್ ಬಲ್ಬು ಹಾಕಿ ವೈರು ಕರಗಿಸಿಕೊಳ್ಳಬೇಡಿ, ಎದುರಿನವರ ಕಣ್ಣಿಗೂ ಹೊಡೆಯಬೇಡಿ.

ಪೆರೇಸಂದ್ರ ಕ್ರಾಸ್

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಕ್ರ ಎತ್ತಿ ನೋಡಿದೆ. ಎಡಗಡೆ ಬ್ರೇಕ್ ಒತ್ತಿದಾಗಲೂ ಆಟ ಹಾಗೇ ಇದೆ. ಬಲಗಡೆ ಸ್ವಲ್ಪ ಇದೆ. ಟೈ ರಾಡ್‌ನ ಒಂದು ತುದಿಯ ರಬ್ಬರ್ ಹರಿದುಹೋಗಿದೆ. ಎಣ್ಣೆ ನಾತ ಗಂಧಕದ್ದೇ. ಲಿವರ್ ವಿಷಯವೂ ನೀವು ಹೇಳಿದ ಹಾಗೇ, ರಿವರ್ಸ್ ಹೋದ ತಕ್ಷಣ ಬಿಟ್ಟಿತು. ಲಿಫ್ಟ್ ಯೋಚನೆ ಬಿಟ್ಟೆ.

ಈಗ ಎರಡೂ ಕಡೆ ನಾನೇ ಬಿಚ್ಚಬೇಕು ಅಂತ ಇದ್ದೇನೆ. ಏನೇನು ತರಲಿ, ಎಲ್ಲಿ ಎಚ್ಚರ ಇರಬೇಕು? ಜಾಕ್ ಸ್ಟ್ಯಾಂಡ್ ಇಲ್ಲ, ಮನೆ ಮುಂದೆ ಸೈಜುಗಲ್ಲು ಬೇಕಾದಷ್ಟಿವೆ, ಅದನ್ನೇ ಕೊಡಬಹುದಾ?

ಚಿಂತಾಮಣಿ ಲೇತ್

ಸೈಜುಗಲ್ಲು ಖಂಡಿತ ಬೇಡ. ಕಬ್ಬಿಣದ ಕೆಳಗೆ ಕಲ್ಲು ಜಾರುತ್ತದೆ, ಹಾಲೋ ಬ್ಲಾಕ್ ಆದರೆ ಹೇಳದೆ ಕೇಳದೆ ಪುಡಿ ಆಗುತ್ತದೆ. ಮೊದಲ ಖರ್ಚೇ ಒಂದು ಜೊತೆ ಜಾಕ್ ಸ್ಟ್ಯಾಂಡ್ ಆಗಲಿ. ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಟ್ಟು, ಸ್ಟ್ಯಾಂಡನ್ನು ಚಾಸಿಸ್ ಕೆಳಗೆ ಇಡಿ. ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಬನ್ನಿ. ಕಿಂಗ್ ಪಿನ್ ಬೇರಿಂಗ್ ನಾಲ್ಕು, ಒಳಗಿನ ಆಕ್ಸಲ್ ಸೀಲ್ ಎರಡು, ನಕಲ್ ಸೀಲ್ ಸೆಟ್ ಎರಡೂ ಕಡೆಗೆ, ವೀಲ್ ಬೇರಿಂಗ್ ಮತ್ತು ಅದರ ಸೀಲ್, ಲಾಕ್ ವಾಷರ್, ಟೈ ರಾಡ್ ಎಂಡ್. ಬೇರಿಂಗ್ ಮಾತ್ರ ಹೆಸರಿರೋ ಕಂಪನಿಯದೇ ತಗೊಳ್ಳಿ, ಬಿಲ್ ಸಮೇತ.

ಡಿಫರೆನ್ಶಿಯಲ್ ಆಯಿಲ್ ಮೊದಲು ಇಳಿಸಿ, ಇಲ್ಲಾಂದರೆ ಆಕ್ಸಲ್ ಎಳೆದ ತಕ್ಷಣ ಮೈಮೇಲೆ ಸುರಿಯುತ್ತದೆ. ಅದಕ್ಕೂ ಮುಂಚೆ ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿಕೊಳ್ಳುತ್ತದಾ ಅಂತ ನೋಡಿಕೊಳ್ಳಿ. ಕೆಳಗಿನದನ್ನು ಬಿಚ್ಚಿ ಎಣ್ಣೆ ಖಾಲಿ ಮಾಡಿದ ಮೇಲೆ ಮೇಲಿನದು ಬರದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಟೈ ರಾಡ್ ಎಂಡ್ ಬಿಡಿಸುವಾಗ ಥ್ರೆಡ್ ಮೇಲೆ ಸುತ್ತಿಗೆ ಹೊಡೆಯಬೇಡಿ. ನಟ್ಟನ್ನು ತುದಿಯ ಮಟ್ಟಕ್ಕೆ ಸಡಿಲ ಮಾಡಿ ಅಲ್ಲೇ ಬಿಡಿ, ನಕಲ್ ತೋಳಿನ ಕಣ್ಣಿನ ಎರಡೂ ಪಕ್ಕಕ್ಕೆ ಎರಡು ಸುತ್ತಿಗೆಯಿಂದ ಒಂದೇ ಸಲ ಹೊಡೆಯಿರಿ. ಟೇಪರ್ ತಾನಾಗಿ ಬಿಡುತ್ತದೆ. ಕ್ಯಾಲಿಪರ್ ಬಿಚ್ಚಿದ ಮೇಲೆ ಪೈಪಿನ ಮೇಲೆ ನೇತು ಬಿಡಬೇಡಿ, ತಂತಿ ಕಟ್ಟಿ ಚಾಸಿಸ್‌ಗೆ ತೂಗುಹಾಕಿ.

ಕಿಂಗ್ ಪಿನ್ ಮೇಲೆ, ಕೆಳಗೆ ತೆಳ್ಳಗಿನ ಶಿಮ್‌ಗಳು (ಬಿಗಿ ಹೊಂದಿಸೋ ತಗಡುಗಳು) ಇರುತ್ತವೆ. ಇದೇ ಇಡೀ ಕೆಲಸದ ಜೀವ. ಯಾವುದು ಎಡ, ಯಾವುದು ಬಲ, ಯಾವುದು ಮೇಲಿನದು, ಯಾವುದು ಕೆಳಗಿನದು ಅಂತ ಬೇರೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆದಿಡಿ. ಕೆಳಗಿನ ಪಿನ್ ತೆಗೆಯುವಾಗ ನಕಲ್ ಕೈಯಲ್ಲಿ ಹಿಡಿದಿರಿ, ಬೇರಿಂಗ್ ಕೆಳಗೆ ಬೀಳುತ್ತದೆ. ಹಳೆ ಬೇರಿಂಗ್ ಕಪ್ ನೋಡಿ. ರೋಲರ್ ಕೂತ ಜಾಗದಲ್ಲಿ ಸಾಲಾಗಿ ತಗ್ಗು ಬಿದ್ದಿರುತ್ತದೆ, ಉಗುರಿಗೆ ತಾಗುತ್ತದೆ. ಹಾಗಿದ್ದರೆ ಕಪ್ಪನ್ನೂ ಬಡಿದು ತೆಗೆದು ಹೊಸದನ್ನೇ ಕೂರಿಸಬೇಕು, ಒಳಗಿನ ಭಾಗ ಮಾತ್ರ ಬದಲಾಯಿಸಿದರೆ ಪ್ರಯೋಜನ ಇಲ್ಲ.

ಆಕ್ಸಲ್ ತುದಿಯ ಗುಂಡಗಿನ ಹೌಸಿಂಗ್ ಮೈಯನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಸಣ್ಣ ಎಮರಿ ಕಾಗದದಲ್ಲಿ ತುಕ್ಕಿನ ಚುಕ್ಕೆಗಳನ್ನು ಉಜ್ಜಿ. ಆ ಮೈ ಒರಟಾಗಿದ್ದರೆ ಹೊಸ ಸೀಲು ತಿಂಗಳೊಪ್ಪತ್ತಿನಲ್ಲಿ ಹರಿಯುತ್ತದೆ. ಆಕ್ಸಲ್ ವಾಪಸ್ ಹಾಕುವಾಗ ಅದರ ಭಾರ ಸೀಲಿನ ಮೇಲೆ ಬೀಳಬಾರದು, ಒಂದು ಕೈಯಲ್ಲಿ ಎತ್ತಿ ಹಿಡಿದು ನೇರವಾಗಿ ತಳ್ಳಿ. ಸ್ಪ್ಲೈನ್ ಹಲ್ಲು ಸೀಲಿನ ತುಟಿಗೆ ತಾಗಿದರೆ ಮಾಡಿದ ಕೆಲಸವೆಲ್ಲ ಹೋಯಿತು.

ಕೊನೆಗೆ ಬಿಗಿ ನೋಡೋದು. ಸೀಲು, ಆಕ್ಸಲ್ ಹಾಕೋ ಮುಂಚೆ ಕಿಂಗ್ ಪಿನ್ ಬಿಗಿಮಾಡಿ, ಟೈ ರಾಡ್ ಕೂರೋ ತೂತಿಗೆ ಒಂದು ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಒಂದರಿಂದ ಎರಡು ಕೆ.ಜಿ. ಒಳಗೆ ನಕಲ್ ಅಲುಗಬೇಕು. ಸಲೀಸಾಗಿ ತಿರುಗಿದರೆ ಶಿಮ್ ಕಮ್ಮಿ ಮಾಡಿ, ತೀರಾ ಬಿಗಿ ಇದ್ದರೆ ಸೇರಿಸಿ. ಈ ಒಂದು ಹೆಜ್ಜೆಯನ್ನು ಎಷ್ಟೋ ಗ್ಯಾರೇಜ್‌ಗಳಲ್ಲಿ ಬಿಟ್ಟುಬಿಡುತ್ತಾರೆ, ಅದಕ್ಕೇ ಹೊಸ ಬೇರಿಂಗ್ ಹಾಕಿದ ಮೇಲೂ ನಡುಕ ಹೋಗಲ್ಲ. ನಕಲ್ ಒಳಗೆ ಮಾಲಿಬ್ಡಿನಮ್ ಇರೋ ಗ್ರೀಸ್ ತುಂಬಿ. ಡಿಫರೆನ್ಶಿಯಲ್‌ಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್, ಗೇರ್ ಬಾಕ್ಸ್‌ಗೆ ಜಿಎಲ್-4. ಎರಡಕ್ಕೂ ಒಂದೇ ಡಬ್ಬಿ ಸುರಿಯಬೇಡಿ, ಜಿಎಲ್-5ರಲ್ಲಿರೋ ಗಂಧಕ ಗೇರ್ ಬಾಕ್ಸಿನ ಹಿತ್ತಾಳೆ ರಿಂಗುಗಳಿಗೆ ಒಳ್ಳೆಯದಲ್ಲ. ಸ್ಟೇರಿಂಗ್ ಬಾಕ್ಸಿನ ಮೇಲಿರೋ ಸ್ಕ್ರೂ ಮುಟ್ಟಬೇಡಿ, ಮೊದಲು ಇದು ಮುಗಿಯಲಿ.

ಮಧುಗಿರಿ ಮಣ್ಣು

ಆಕ್ಸಲ್ ಬಿಚ್ಚಿದಾಗಲೇ ಇನ್ನೊಂದು ಕೆಲಸ ಮುಗಿಸಿಬಿಡಿ. ಡಿಫರೆನ್ಶಿಯಲ್ ಮೇಲೆ ಒಂದು ಸಣ್ಣ ಬ್ರೀದರ್ (ಗಾಳಿ ಆಡೋ ತೂತು) ಇರುತ್ತದೆ. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಅಲ್ಲಿಂದಲೇ ನೀರು ಎಳೆದುಕೊಳ್ಳುತ್ತದೆ. ಇಳಿಸಿದ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಕಂಡರೆ ನೀರು ಹೋಗಿದೆ ಅಂತಲೇ ಅರ್ಥ. ಮುಂದೆ ಹಿಂದೆ ಎರಡೂ ಬ್ರೀದರ್‌ಗೆ ಆಯಿಲ್ ತಡೆಯೋ ಪೈಪು ಹಾಕಿ, ಆಕ್ಸಲ್ ಮೇಲೆ ಕೆಳಗೆ ಆಡೋಕೆ ಸ್ವಲ್ಪ ಸಡಿಲ ಬಿಟ್ಟು, ಮುಂದಿನದನ್ನು ಬಾನೆಟ್ ಒಳಗೆ, ಹಿಂದಿನದನ್ನು ಟೈಲ್ ಲೈಟ್ ಹತ್ತಿರದ ತನಕ ಎತ್ತರಕ್ಕೆ ಒಯ್ದು ಕಟ್ಟಿ. ತುದಿಗೆ ಒಂದು ಸಣ್ಣ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದರೆ ನಮ್ಮ ಕೆಂಪು ಧೂಳು ಒಳಗೆ ಹೋಗಲ್ಲ. ಕೆಲವೇ ನೂರು ರೂಪಾಯಿ ಖರ್ಚು, ಹಳ್ಳ ದಾಟೋ ಗಾಡಿಗೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಅಪ್‌ಗ್ರೇಡ್ ಇಲ್ಲ.

ಎಲ್ಲಾ ಕೂರಿಸಿದ ಮೇಲೆ ಟೋ ಇನ್ (ಮುಂದಿನ ಚಕ್ರಗಳು ಒಳಮುಖ ಆಗಿರೋ ಅಳತೆ) ಮತ್ತೆ ನೋಡಿಸಿ, ಟೈ ರಾಡ್ ಬದಲಾದರೆ ಅದು ತಪ್ಪಿರುತ್ತದೆ. ಬಿಚ್ಚುವಾಗ ಒಂದೊಂದು ಹಂತಕ್ಕೂ ಫೋಟೊ ತೆಗೆದು ಇಲ್ಲೇ ಹಾಕಿ, ಎಲ್ಲಾದರೂ ಸಿಕ್ಕಿಕೊಂಡರೆ ತಕ್ಷಣ ಹೇಳುತ್ತೇವೆ.